ಹೊಟ್ಟು ಬಿಡದ ಗೋಧಿ

ನಮ್ಮ ಶಲವಡಿಯ ಮನೆಯ ಪಡಸಾಲೆಯಲ್ಲಿ ಕಲ್ಲಿನ ಒರಳೊಂದು ನೆಲಕ್ಕೆ ಸಮನಾಗಿ ಹೂತಿತ್ತು. ಮದುವೆ, ಜಾತ್ರೆ, ಹಬ್ಬ, ಯಾವುದು ಹತ್ತಿರ ಬಂದರೂ ಅದರ ಸುತ್ತ ಇಬ್ಬರು ಮೂವರು ಹೆಂಗಸರು ನಿಂತು ಒನಕೆ ಹಾಕುತ್ತಿದ್ದರು. ಒರಳಿಗೆ ಬೀಳುತ್ತಿದ್ದುದು ಸದಕ ಗೋಧಿ. ಹುಗ್ಗಿಗೆ, ಮಾದಲಿಗೆ, ಶಾವಿಗೆಗೆ ಅದೇ ಆಗಬೇಕು. ಬೇರೆ ಗೋಧಿಯ ಹುಗ್ಗಿ ಹುಗ್ಗಿಯೇ ಅಲ್ಲವೆಂಬುದು ನಮ್ಮ ಆಯಿಯ ಸಿದ್ಧಾಂತ. ಆದರೆ ಈ ಗೋಧಿಗೆ ಒಂದು ಮೊಂಡುತನವಿತ್ತು. ಕಣದಲ್ಲಿ ಎತ್ತುಗಳ ಹಂತಿ ಕಟ್ಟಿ ಎಷ್ಟು ತುಳಿಸಿದರೂ ಕಾಳು ಹೊಟ್ಟಿನಿಂದ ಹೊರಗೆ ಬರುತ್ತಿದ್ದಿಲ್ಲ. ತೆನೆ ಮುರಿದು ತುಂಡು ತುಂಡಾಗುತ್ತಿತ್ತು, ಅಷ್ಟೇ. ಆ ತುಂಡುಗಳನ್ನೇ ಮನೆಗೆ ತಂದು, ನೀರು ಚಿಮುಕಿಸಿ, ಒರಳಿನಲ್ಲಿ ಕುಟ್ಟಿ, ಮರದಲ್ಲಿ ಕೇರಿದರೆ ಆಗ ಕೆಂಪನೆಯ ಉದ್ದನೆಯ ಕಾಳು ಕಣ್ಣಿಗೆ ಬೀಳುತ್ತಿತ್ತು.

“ಯಾಕ ಆಯಿ, ಇದರ ಹೊಟ್ಟು ಹೊಲದಾಗs ಯಾಕ ಬಿಡೂದುಲ್ಲ?” ಎಂದು ನಾನೊಮ್ಮೆ ಕೇಳಿದ್ದೆ.

“ಇದು ನಾಚಿಕಿ ಗೋಧಿ ತಮ್ಮಾ, ಮೈಮ್ಯಾಲಿನ ಅರಿವಿ ಬಿಡೂದುಲ್ಲ” ಎಂದಳು ಆಯಿ. ಒನಕೆ ಹಾಕುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕು ಆಡಲು ಹೋದೆ.

ಮುಂದೆ ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿದೆ, ಅದನ್ನೇ ಕಲಿಸಿ ಹೊಟ್ಟೆ ಹೊರೆದೆ. ಆಯಿಯ ಆ ಮಾತಿನಲ್ಲಿ ಹತ್ತು ಸಾವಿರ ವರ್ಷಗಳ ಇತಿಹಾಸವೊಂದು ಅಡಗಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ತಡವಾದುದರಿಂದ ಆದ ಹಾನಿಯನ್ನೂ ಇಲ್ಲಿ ಹೇಳಬೇಕಾಗಿದೆ. ಅದಕ್ಕೆ ಮೊದಲು ಗೋಧಿಯ ಹೂವನ್ನು ಸ್ವಲ್ಪ ನೋಡೋಣ. ಇತಿಹಾಸವೆಲ್ಲ ಇರುವುದು ಅದರಲ್ಲಿಯೇ.

“ಗೋಧಿಗೆ ಹೂವುಂಟೇ?” ಎಂದು ಪೇಟೆಯ ಸ್ನೇಹಿತರು ಕೇಳುವುದುಂಟು. ಪ್ರಶ್ನೆ ತಪ್ಪಲ್ಲ. ಹುಲ್ಲಿನ ಜಾತಿಯ ಹೂವಿಗೆ ಬಣ್ಣವಿಲ್ಲ, ಗಂಧವಿಲ್ಲ, ಮಕರಂದವಿಲ್ಲ. ಗಾಳಿಯನ್ನೇ ನಂಬಿ ಬಾಳುವ ಕುಲ. ದುಂಬಿಯನ್ನು ಕರೆಯಬೇಕಾಗಿಲ್ಲದವರು ಅಂಗಡಿಗೆ ಬಣ್ಣ ಬಳಿಯುವುದೇಕೆ? ಒಂದು ಗೋಧಿಯ ತೆನೆ ಕಿತ್ತು ಕೈಯಲ್ಲಿ ಹಿಡಿಯಿರಿ. ನಡುವಿನ ದಿಂಡು ಅಂಕುಡೊಂಕಾಗಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಮೆಟ್ಟಿಲಿಗೊಂದರಂತೆ, ಅತ್ತೊಂದು ಇತ್ತೊಂದು, ಚಿಕ್ಕ ಚಿಕ್ಕ ಗಂಟುಗಳು ಕುಳಿತಿವೆ. ಇವು ಕಿರುತೆನೆಗಳು. ಪ್ರತಿಯೊಂದು ಕಿರುತೆನೆಯ ಬುಡದಲ್ಲಿ ಎರಡು ಗಟ್ಟಿ ಕವಚಗಳು. ಅವುಗಳ ಮರೆಯಲ್ಲಿ ಎರಡರಿಂದ ಐದು ಹೂಗಳು. ಒಂದೊಂದು ಹೂವಿಗೆ ಮತ್ತೆ ಹೊರಹೊಟ್ಟು, ಒಳಹೊಟ್ಟು ಎಂದು ಎರಡು ಬಾಗಿಲು. ಹೊರಹೊಟ್ಟಿನ ತುದಿಯೇ ಬೆಳೆದು ಸುಂಕಾಗಿ ಗಂಟಲಲ್ಲಿ ಸಿಕ್ಕಿಕೊಳ್ಳುವುದು. ಒಳಗೆ ಮೂರು ಕೇಸರ, ನಡುವೆ ಅಂಡಾಶಯ, ಅದರ ನೆತ್ತಿಯಲ್ಲಿ ಹಕ್ಕಿಯ ಪುಕ್ಕದಂಥ ಎರಡು ಶಲಾಕಾಗ್ರ. ಇಷ್ಟೇ ಸಂಸಾರ.

ಇಷ್ಟೇ ಎಂದೆನಲ್ಲ, ಇನ್ನೊಂದು ಉಳಿಯಿತು. ಅಂಡಾಶಯದ ಬುಡದಲ್ಲಿ ಬರಿಗಣ್ಣಿಗೆ ಕಾಣಿಸೀತೋ ಇಲ್ಲವೋ ಎನ್ನುವಂಥ ಎರಡು ಪುಟ್ಟ ಪೊರೆಗಳಿವೆ. ಶಾಸ್ತ್ರದಲ್ಲಿ ಇವಕ್ಕೆ ಲಾಡಿಕ್ಯೂಲ್ ಎಂದು ಹೆಸರು. ಹೂ ಅರಳುವ ಹೊತ್ತಿಗೆ ಇವು ನೀರು ಹೀರಿ ಉಬ್ಬುತ್ತವೆ, ಹೊರಹೊಟ್ಟನ್ನು ಆಚೆಗೆ ನೂಕುತ್ತವೆ. ಬಾಗಿಲು ತೆರೆದೊಡನೆ ಕೇಸರದ ದಂಟುಗಳು ನೋಡನೋಡುತ್ತ ಉದ್ದವಾಗಿ ಪರಾಗದ ಚೀಲಗಳು ಹೊರಗೆ ಜೋತಾಡುತ್ತವೆ. ಸಾಮಾನ್ಯವಾಗಿ ಅರ್ಧ ತಾಸಿನೊಳಗೇ ಪೊರೆಗಳು ಬಾಡಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಬಹುಮಟ್ಟಿಗೆ ತನ್ನ ಪರಾಗ ತನ್ನ ಮೇಲೆಯೇ ಬಿದ್ದಿರುತ್ತದೆ. ಸಜ್ಜೆಯ ಹಾಗೆ ಗೋಧಿ ಪರರ ಪರಾಗಕ್ಕೆ ಕಾಯುವುದಿಲ್ಲ. ಆಯಿಯ ಮಡಕೆಯೊಳಗಿನ ಬೀಜ ತಲೆಮಾರುಗಟ್ಟಲೆ ಬೆರಕೆಯಾಗದೆ ಉಳಿದುಕೊಂಡ ಗುಟ್ಟು ಇದು.

ಈ ಪೊರೆಗಳು ಯಾವುದರ ಅವಶೇಷ ಎಂಬ ಬಗ್ಗೆ ಪಂಡಿತರಲ್ಲಿ ನೂರಾರು ವರ್ಷ ವಾದ ನಡೆಯಿತು. ಎಸಳುಗಳೇ ಕುಗ್ಗಿ ಹೀಗಾಗಿವೆ ಎಂದು ಹಲವರು ಊಹಿಸಿದ್ದರು. 2000ದಲ್ಲಿ ಮೆಕ್ಕೆಜೋಳದಲ್ಲಿಯೂ 2003ರಲ್ಲಿ ಭತ್ತದಲ್ಲಿಯೂ ಅದಕ್ಕೆ ಸಾಕ್ಷಿ ದೊರೆಯಿತು. ಹೂಗಿಡಗಳಲ್ಲಿ ಎಸಳನ್ನೂ ಕೇಸರವನ್ನೂ ರೂಪಿಸುವ ವಂಶವಾಹಿಯೊಂದು ಕೆಟ್ಟರೆ ಎಸಳು ಹಸಿರು ಪುಷ್ಪಪತ್ರವಾಗುತ್ತದೆ, ಕೇಸರ ಹೆಣ್ಣು ಭಾಗವಾಗುತ್ತದೆ. ಅದೇ ವಂಶವಾಹಿ ಕೆಟ್ಟ ಮೆಕ್ಕೆಜೋಳದಲ್ಲಿ ಕೇಸರ ಹೆಣ್ಣಾಯಿತು, ಲಾಡಿಕ್ಯೂಲ್ ಹೊಟ್ಟಿನಂತಾಯಿತು. ಅಂದಮೇಲೆ ಹುಲ್ಲು ತನ್ನ ಎಸಳನ್ನು ಎಸೆಯಲಿಲ್ಲ. ಅದನ್ನು ಬಾಗಿಲಿನ ಸನ್ನೆಗೋಲು ಮಾಡಿಕೊಂಡಿತು. ನಮ್ಮ ಕಡೆಯ ಒಕ್ಕಲಿಗನೂ ಮುರಿದ ನೊಗವನ್ನು ಎಸೆಯುವುದಿಲ್ಲ.

ಹಿಂಗಾರಿಯಲ್ಲಿ ನಮ್ಮ ಎರೆಹೊಲಗಳಲ್ಲಿ ಗೋಧಿಯ ಪಕ್ಕದಲ್ಲಿಯೇ ಬಿಳಿಜೋಳ ನಿಂತಿರುತ್ತದೆ. ಇವೆರಡೂ ಅಣ್ಣತಮ್ಮಂದಿರೆಂದು ನಾವು ತಿಳಿಯುತ್ತೇವೆ. ಹೂವನ್ನು ಬಿಡಿಸಿ ನೋಡಿದರೆ ಹಾಗಲ್ಲ. ಜೋಳದ ಕಿರುತೆನೆಗಳು ಜೋಡಿ ಜೋಡಿಯಾಗಿರುತ್ತವೆ. ತೊಟ್ಟಿಲ್ಲದ್ದು ಕಾಳು ಕಟ್ಟುತ್ತದೆ. ಪಕ್ಕದ ತೊಟ್ಟಿನದು ಗಂಡಾಗಿಯೋ ಬಂಜೆಯಾಗಿಯೋ ಉಳಿಯುತ್ತದೆ. ಕಿರುತೆನೆಯೊಳಗಿನ ಕೆಳಗಿನ ಹೂ ಬಂಜೆಯೋ ಮೇಲಿನದು ಬಂಜೆಯೋ ಎಂಬ ಇಷ್ಟು ಸಣ್ಣ ಗುರುತಿನ ಮೇಲೆ ರಾಬರ್ಟ್ ಬ್ರೌನ್ ಎಂಬ ಸ್ಕಾಟ್ಲಂಡಿನ ಪಂಡಿತ 1814ರಲ್ಲಿ ಹುಲ್ಲಿನ ಕುಲವನ್ನು ಎರಡು ಮಹಾಶಾಖೆಗಳಾಗಿ ಒಡೆದನು. ಸಸ್ಯಕೋಶದಲ್ಲಿ ನ್ಯೂಕ್ಲಿಯಸ್ ಉಂಟೆಂದು ತೋರಿಸಿ ಅದಕ್ಕೆ ಆ ಹೆಸರಿಟ್ಟವನೂ ಈತನೇ. ಇಂದು ಡಿಎನ್‌ಎ ಓದಿ ಮಾಡಿದ ವಂಶಾವಳಿ ಅವನ ವಿಂಗಡಣೆಯನ್ನು ಬಹುಮಟ್ಟಿಗೆ ಎತ್ತಿಹಿಡಿದಿದೆ. ಜೋಳ, ಸಜ್ಜೆ, ನವಣೆ, ಮೆಕ್ಕೆಜೋಳ, ಕಬ್ಬು ಒಂದು ಕಡೆಗೆ. ಗೋಧಿ, ಭತ್ತ, ಬಿದಿರು ಇನ್ನೊಂದು ಕಡೆಗೆ. ಗೋಧಿಗೆ ಪಕ್ಕದ ಸಾಲಿನ ಜೋಳಕ್ಕಿಂತ ಕಲಘಟಗಿಯ ಕಾಡಿನ ಬಿದಿರೇ ಹತ್ತಿರದ ನಂಟ! ಇನ್ನು ಹೊಲದಲ್ಲಿ ನಮ್ಮನ್ನು ಕಾಡುವ ಜೇಕು ಹುಲ್ಲೇ ಅಲ್ಲ. ಅದರ ದಂಟು ಮೂರು ಮೂಲೆಯದು, ಗಣಿಕೆಯಿಲ್ಲದ್ದು. ಹುಲ್ಲಿನ ಕುಲಕ್ಕೆ ಅದು ದೂರದ ದಾಯಾದಿ.

ಈ ಕುಲ ಎಷ್ಟು ಹಳೆಯದು? ಹುಲ್ಲು ಡೈನೋಸಾರ್‌ಗಳ ಕಾಲದ ತರುವಾಯದ್ದೆಂದು ನಾನು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಹೇಳಿದೆ. 2005ರಲ್ಲಿ ಅದು ಸುಳ್ಳಾಯಿತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾ ಎಂಬಲ್ಲಿ ಡೈನೋಸಾರ್‌ಗಳ ಸೆಗಣಿ ಕಲ್ಲಾಗಿ ಬಿದ್ದಿದೆ. ಲಖನೌದ ವಿಜ್ಞಾನಿಗಳು ಅದನ್ನು ಕರಗಿಸಿ ನೋಡಿದಾಗ ಹುಲ್ಲಿನ ಎಲೆಯಲ್ಲಿರುವ ಮರಳಿನಂಥ ಸೂಕ್ಷ್ಮ ಕಣಗಳು ಸಿಕ್ಕವು. ಅವುಗಳಲ್ಲಿ ಕೆಲವು ಭತ್ತದ ಬಳಗವನ್ನು ಹೋಲುತ್ತಿದ್ದವು. ಆರೂವರೆ ಕೋಟಿ ವರ್ಷಗಳ ಹಿಂದೆಯೇ ಈ ನಾಡಿನಲ್ಲಿ ಹುಲ್ಲು ಇದ್ದಿತು, ಅದನ್ನು ಮೇಯುವವರೂ ಇದ್ದರು.

ಹೊಟ್ಟಿನ ಮಾತಿಗೆ ಮರಳುತ್ತೇನೆ. ಕಾಡಿನಲ್ಲಿ ಗೋಧಿಗೆ ಹೊಟ್ಟೆಂದರೆ ಕವಚ, ವಾಹನ ಎರಡೂ ಹೌದು. ಕಾಡುಗೋಧಿಯ ತೆನೆ ಮಾಗಿದೊಡನೆ ದಿಂಡು ತಾನಾಗಿ ಕಳಚಿ ಒಂದೊಂದು ಕಿರುತೆನೆಯೂ ಬೇರೆಯಾಗಿ ಉದುರುತ್ತದೆ. ಅದರ ಎರಡು ಸುಂಕುಗಳು ಹಗಲಿನ ಒಣಹವೆಗೆ ಅಗಲುತ್ತವೆ, ರಾತ್ರಿಯ ತೇವಕ್ಕೆ ಕೂಡುತ್ತವೆ. ಹೀಗೆ ಈಜುವವನ ಕಾಲಿನಂತೆ ಆಡಿ ಆಡಿ ಬೀಜವನ್ನು ಮಣ್ಣಿಗೆ ನೂಕುತ್ತವೆ. ಇಲಿ ಇರುವೆಗಳಿಂದ ಕಾಳನ್ನು ಕಾಯುವುದು ಬಿಗಿಯಾದ ಹೊಟ್ಟು. ಮನುಷ್ಯ ಇಂಥ ಹುಲ್ಲನ್ನು ಕೊಯ್ಯಲು ಹೋದಾಗ ಉದುರುವ ತೆನೆ ನೆಲದ ಪಾಲಾಯಿತು. ಎಲ್ಲಿಯೋ ಒಂದು ಉದುರದ ತೆನೆ ಅವನ ಮನೆಗೆ ಬಂತು. ಮರುವರ್ಷ ಅದನ್ನೇ ಬಿತ್ತಿದ. ಸಾವಿರ ವರ್ಷಕ್ಕೂ ಮೇಲ್ಪಟ್ಟು ಹೀಗೆ ನಡೆದು ಉದುರದ ಗೋಧಿ ಹೊಲವನ್ನೆಲ್ಲ ತುಂಬಿತು. 2017ರಲ್ಲಿ ಕಾಡುಗೋಧಿಯ ವಂಶಲಿಪಿಯನ್ನು ಪೂರ್ತಿ ಓದಿದಾಗ, ಈ ಬದಲಾವಣೆಯೆಲ್ಲ ಒಂದೇ ವಂಶವಾಹಿಯ ಎರಡು ಪ್ರತಿಗಳು ಕೆಟ್ಟುದರ ಫಲವೆಂದು ಕಂಡುಬಂತು. ಕೆಟ್ಟದ್ದು ಗೋಧಿಯ ಪಾಲಿಗೆ, ನಮ್ಮ ಪಾಲಿಗಲ್ಲ.

ಆ ಕಾಡುಗೋಧಿ ಸಿಕ್ಕ ಕಥೆಯೂ ಕೇಳತಕ್ಕದ್ದೇ. ಕೋಟ್ಶಿ ಎಂಬವನು 1855ರಲ್ಲಿ ಹರ್ಮೋನ್ ಪರ್ವತದ ಬಳಿ ಕಿತ್ತ ಹುಲ್ಲೊಂದು ವಿಯೆನ್ನಾದ ಸಂಗ್ರಹಾಲಯದಲ್ಲಿತ್ತು. 1873ರಲ್ಲಿ ಕೋರ್ನಿಕೆ ಎಂಬ ಜರ್ಮನ್ ಪಂಡಿತ ಅದರ ನಡುವೆ ಕಾಡುಗೋಧಿಯ ತೆನೆಯ ತುಂಡೊಂದನ್ನು ಗುರುತಿಸಿದ. ಜೀವಂತ ಗಿಡವನ್ನು ಹುಡುಕಲು ಹೊರಟವನು ಪ್ಯಾಲೆಸ್ಟೈನಿನ ಆರೋನ್ ಆರೋನ್‌ಸನ್. 1906ರ ಜೂನ್ ತಿಂಗಳಲ್ಲಿ, ರೋಶ್ ಪಿನ್ನಾ ಎಂಬ ಊರಿನ ಹತ್ತಿರ, ಬಂಡೆಯ ಸಂದಿಯಲ್ಲಿ ಅದು ಆತನ ಕಣ್ಣಿಗೆ ಬಿತ್ತು. ಅದು ಯಾವುದರ ಮೂಲಪುರುಷ? ಸಸ್ಯಶಾಸ್ತ್ರಜ್ಞರು ಎಮ್ಮರ್ ಎನ್ನುವ ಗೋಧಿಯದು. ನಾವು ಸದಕ, ಜವೆ ಗೋಧಿ ಎನ್ನುವುದೂ ಮಹಾರಾಷ್ಟ್ರದವರು ಖಪಲಿ ಎನ್ನುವುದೂ ಅದನ್ನೇ.

ಎಮ್ಮರಿನಲ್ಲಿ ತೆನೆ ಉದುರುವುದು ನಿಂತಿತು, ಹೊಟ್ಟು ಮಾತ್ರ ಕಾಡಿನ ಬಿಗಿಯನ್ನೇ ಉಳಿಸಿಕೊಂಡಿತು. ಅಂದರೆ ಕಾಡಿನಿಂದ ಊರಿಗೆ ಬರುವ ದಾರಿಯಲ್ಲಿ ಅರ್ಧಕ್ಕೆ ನಿಂತ ಗೋಧಿ ಇದು. ಅರಿವೆ ಬಿಡುವುದಿಲ್ಲವೆಂದು ಆಯಿ ಹೇಳಿದ್ದು ಇದನ್ನೇ. ಈ ಅರ್ಧಕ್ಕೆ ನಿಂತ ಗೋಧಿಯೇ ಸಾವಿರಾರು ವರ್ಷ ಲೋಕವನ್ನು ಸಾಕಿತು. ಫೇರೋಗಳ ಈಜಿಪ್ತಿನಲ್ಲಿ ಗೋಧಿಯೆಂದರೆ ಮುಖ್ಯವಾಗಿ ಇದೇ. ರೋಮಿನ ಜನ ಇದನ್ನು ಫಾರ್ ಎನ್ನುತ್ತಿದ್ದರು. ಅವರ ಅತ್ಯಂತ ಗೌರವದ ವಿವಾಹ ಪದ್ಧತಿಯಲ್ಲಿ ವಧೂವರರು ಈ ಗೋಧಿಯ ರೊಟ್ಟಿಯನ್ನು ಹಂಚಿಕೊಳ್ಳುತ್ತಿದ್ದರು, ಆ ಪದ್ಧತಿಗೆ ಹೆಸರು ಬಂದದ್ದೂ ಅದರಿಂದಲೇ. ಮದುವೆಗೆ ಸದಕವೇ ಬೇಕೆಂಬ ಹಟ ನಮ್ಮ ಆಯಿ ಒಬ್ಬಳದೇ ಆಗಿದ್ದಿಲ್ಲವೆಂದಾಯಿತು. ಇಥಿಯೋಪಿಯದಲ್ಲಿ ಇಂದಿಗೂ ಇದನ್ನು ಬಿತ್ತುತ್ತಾರೆ. 1921ರಲ್ಲಿ ಗೋಧಿಯ ಮೇಲೆ ದೊಡ್ಡ ಗ್ರಂಥ ಬರೆದ ಇಂಗ್ಲೆಂಡಿನ ಜಾನ್ ಪರ್ಸಿವಲ್ ಎಮ್ಮರುಗಳನ್ನು ವಿಂಗಡಿಸುವಾಗ ಭಾರತದ್ದನ್ನೂ ಇಥಿಯೋಪಿಯದ್ದನ್ನೂ ಒಂದೇ ಗುಂಪಿಗೆ ಹಾಕಿದ್ದಾನೆ. ಜೋಳವೂ ಆಫ್ರಿಕದ ನೆಲದ್ದೇ. ಶಲವಡಿಯ ಹಿಂಗಾರಿ ಹೊಲದಲ್ಲಿ ನಿಂತ ನೆಂಟರೆಲ್ಲ ಪಡುವಣದವರು!

ಹೊಟ್ಟು ಸಡಿಲವಾದದ್ದು ಮುಂದಿನ ಮೆಟ್ಟಿಲು. ಸುಲಭವಾಗಿ ಬಡಿದು ಬಿಡಿಸಬಲ್ಲ ಗೋಧಿಗಳಲ್ಲಿ ‘ಕ್ಯೂ’ ಎಂಬ ವಂಶವಾಹಿಯ ರೂಪ ಬೇರೆ, ಸದಕದಲ್ಲಿ ಬೇರೆ. 2006ರಲ್ಲಿ ಆ ವಂಶವಾಹಿಯನ್ನು ಪ್ರತ್ಯೇಕಿಸಿ ಓದಿದರು; ಎರಡು ರೂಪಗಳ ನಡುವೆ ಇರುವುದು ಅಕ್ಷರವೊಂದೆರಡರ ವ್ಯತ್ಯಾಸ. ಅಷ್ಟಕ್ಕಾಗಿ ಲೋಕದ ಹೆಂಗಸರು ಎಷ್ಟು ಕಾಲ ಒನಕೆ ಹಿಡಿದರೆಂಬುದನ್ನು ಲೆಕ್ಕ ಹಾಕಿದವರಿಲ್ಲ.

ಇಷ್ಟಕ್ಕೆ ಮುಗಿಯಲಿಲ್ಲ. ಚಪಾತಿಯ ಗೋಧಿಗೂ ಸದಕಕ್ಕೂ ಇರುವ ಸಂಬಂಧ ಇನ್ನೂ ನಿಕಟವಾದುದು. ಮೊದಲು ಎಲ್ಲ ಗೋಧಿಗೂ 16 ವರ್ಣತಂತುಗಳೆಂದು ಎಣಿಸಿದ್ದರು. 1918ರಲ್ಲಿ ಜಪಾನಿನ ಹೊಕ್ಕೈಡೊದಲ್ಲಿ ಸಕಾಮುರಾ ಎಂಬವರು ಮತ್ತೆ ಎಣಿಸಿ, ಒಂಟಿಕಾಳಿನ ಹಳೆಯ ಗೋಧಿಗೆ 14, ಎಮ್ಮರಿಗೆ 28, ರೊಟ್ಟಿಯ ಗೋಧಿಗೆ 42 ಎಂದು ತೋರಿಸಿದರು. ಏಳರ ಮಗ್ಗಿ! ಹದಿನಾಲ್ಕರ ಎರಡು ಬೇರೆ ಬೇರೆ ಹುಲ್ಲುಗಳು ಕೂಡಿ ಇಪ್ಪತ್ತೆಂಟಾಗಿದೆ, ಆಮೇಲೆ ಮೂರನೆಯದೊಂದು ಹದಿನಾಲ್ಕು ಬಂದು ಕೂಡಿದೆ. ಆ ಮೂರನೆಯದು ಯಾರು? ಸಕಾಮುರಾ ಪರದೇಶಕ್ಕೆ ಹೋಗುವಾಗ ತಮ್ಮ ಗೋಧಿಗಳನ್ನು ಕಿಹಾರಾ ಎಂಬ ತರುಣನಿಗೆ ಒಪ್ಪಿಸಿ ಹೋದರು. ಕಿಹಾರಾ ಮುಂದೆ ಇಪ್ಪತ್ತೈದು ವರ್ಷ ಅದನ್ನೇ ಹುಡುಕಿದರು. 1944ರಲ್ಲಿ ಅವರೂ, ಅದೇ ವರ್ಷ ಅಮೇರಿಕೆಯಲ್ಲಿ ಮ್ಯಾಕ್‌ಫ್ಯಾಡನ್ ಹಾಗೂ ಸಿಯರ್ಸ್ ಎಂಬವರೂ, ಕ್ಯಾಸ್ಪಿಯನ್ ಸಮುದ್ರದ ಕಡೆಯ ಕಳೆಹುಲ್ಲೊಂದರ ಮೇಲೆ ಬೆರಳಿಟ್ಟರು. ಎರಡು ದೇಶಗಳೂ ಆಗ ಯುದ್ಧದಲ್ಲಿದ್ದವು. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯುವಂತಿರಲಿಲ್ಲ. ಅಮೇರಿಕದವರು ಎಮ್ಮರಿಗೂ ಆ ಹುಲ್ಲಿಗೂ ಸಂಕರ ಮಾಡಿ, ಬಂಜೆ ಸಸಿಯ ವರ್ಣತಂತುಗಳನ್ನು ಔಷಧದಿಂದ ಇಮ್ಮಡಿಗೊಳಿಸಿ, 42ರ ಗೋಧಿಯನ್ನು ತೋಟದಲ್ಲಿಯೇ ಬೆಳೆದು ತೋರಿಸಿದರು.

ಸುಮಾರು ಎಂಟೊಂಬತ್ತು ಸಾವಿರ ವರ್ಷಗಳ ಹಿಂದೆ ಯಾರದೋ ಎಮ್ಮರ್ ಹೊಲದ ಬದುವಿನಲ್ಲಿ ಕಳೆಯಾಗಿ ನಿಂತ ಹುಲ್ಲಿನೊಡನೆ ಇದೇ ಕೂಟ ತಾನಾಗಿ ನಡೆಯಿತು. ಪಂಜಾಬಿನ ಗೋಧಿಯೂ ಬೇಕರಿಯ ಬ್ರೆಡ್ಡೂ ಅದರಿಂದ ಬಂದವು. ಸದಕದ ಕುಲಕ್ಕೆ ಇವೆಲ್ಲ ಮೊಮ್ಮಕ್ಕಳು.

ಮೊಮ್ಮಕ್ಕಳಿಗೆ ಕಷ್ಟ ಬಂದಾಗ ಅಜ್ಜಿಯ ಪೆಟ್ಟಿಗೆ ತೆರೆಯಬೇಕಾಗುತ್ತದೆ. ಗೋಧಿಗೆ ಬರುವ ಒಂದು ರೋಗಕ್ಕೆ ನಮ್ಮ ಕಡೆ ಭಂಡಾರ ಎನ್ನುತ್ತೇವೆ. ಹೊಲದಲ್ಲಿ ನಡೆದುಬಂದರೆ ಧೋತರಕ್ಕೆಲ್ಲ ಅರಿಷಿಣದಂಥ ಹುಡಿ ಹತ್ತುತ್ತದೆ. ಪುಸ್ತಕದಲ್ಲಿ ಇದು ತುಕ್ಕು ರೋಗ. ಬೇಸಿಗೆಯ ಬಿಸಿಲಿಗೆ ಬಯಲುಸೀಮೆಯಲ್ಲಿ ಇದರ ಬೀಜಾಣು ಸತ್ತುಹೋಗುತ್ತದೆ. ಹಾಗಾದರೆ ಪ್ರತಿ ವರ್ಷ ಎಲ್ಲಿಂದ ಬರುತ್ತದೆ? ಆಗ್ರಾದ ಕೆ. ಸಿ. ಮೆಹತಾ ಎಂಬವರು ಜೀವಮಾನವಿಡೀ ದುಡಿದು ಇದಕ್ಕೆ ಉತ್ತರ ಹೇಳಿದರು: ಗುಡ್ಡಗಳ ತಂಪಿನಲ್ಲಿ ಬದುಕಿ ಗಾಳಿಯ ಬೆನ್ನೇರಿ ಬರುತ್ತದೆ. ದಕ್ಷಿಣದಲ್ಲಿ ಆ ಗುಡ್ಡಗಳು ನೀಲಗಿರಿ ಮತ್ತು ಪಳನಿ. ಅಲ್ಲಿಂದ ಉತ್ತರಕ್ಕೆ ಹೊರಟ ಭಂಡಾರಕ್ಕೆ ದಾರಿಯಲ್ಲಿ ಸಿಗುವ ಮೊದಲ ದೊಡ್ಡ ಗೋಧಿಸೀಮೆ ನಮ್ಮದೇ. ಇಂಥ ದಾರಿಯಲ್ಲಿ ತಲೆಮಾರುಗಟ್ಟಲೆ ನಿಂತು ಸಾಯದೆ ಉಳಿದ ಗೋಧಿ ಗಟ್ಟಿಯಾಗಿರದೆ ಇನ್ನೇನಾದೀತು?

ಈ ಗಟ್ಟಿತನವನ್ನು ಮೊದಲು ಕಂಡುಕೊಂಡವರು ಹೊರಗಿನವರು. ಅಮೇರಿಕೆಯ ಮಿನ್ನೆಸೋಟದಲ್ಲಿ ಸ್ಟೇಕ್‌ಮನ್ ಎಂಬವರು ದಂಟಿನ ತುಕ್ಕಿನ ತಳಿಗಳನ್ನು ಒಂದರಿಂದೊಂದು ಬೇರೆಮಾಡಲು 12 ಗೋಧಿಗಳ ಪರೀಕ್ಷಾ ಸಾಲೊಂದನ್ನು ಗೊತ್ತುಮಾಡಿದರು. ಯಾವ ಗೋಧಿಗೆ ರೋಗ ಹತ್ತಿತು, ಯಾವುದಕ್ಕೆ ಹತ್ತಲಿಲ್ಲ ಎಂಬುದರ ಮೇಲೆ ರೋಗದ ತಳಿಗೆ ನಂಬರು. 1922ರಲ್ಲಿ ಪ್ರಕಟವಾದ ಈ ಸಾಲು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಗೆ ಬಂತು. ಆ ಹನ್ನೆರಡರಲ್ಲಿ ಒಂದರ ಹೆಸರು ಖಪಲಿ! ಮಿಕ್ಕವು ಒಂದಲ್ಲ ಒಂದು ತಳಿಗೆ ಸೋಲುತ್ತಿದ್ದಾಗ ಖಪಲಿ ಹೆಚ್ಚುಕಡಿಮೆ ಎಲ್ಲವನ್ನೂ ತಡೆಯುತ್ತಿತ್ತು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ವಾಟರ್‌ಹೌಸ್ ಎಂಬವರು ಸ್ಟೈನ್‌ವೆಡಲ್ ಎಂಬ ತಮ್ಮ ಗೋಧಿಯೊಡನೆ ಇದನ್ನು ಸಂಕರಿಸಿ, ಹೆಸರನ್ನೂ ಸಂಕರಿಸಿ, ಖಾಪ್‌ಸ್ಟೈನ್ ಎಂದು ಕರೆದರು. ಮೇಲೆ ಹೇಳಿದ ಮ್ಯಾಕ್‌ಫ್ಯಾಡನ್ ತರುಣನಾಗಿದ್ದಾಗ, 1916ರಲ್ಲಿ ಅಮೇರಿಕೆಯ ಗೋಧಿಯನ್ನು ತುಕ್ಕು ಸುಟ್ಟುಹಾಕಿದ ಕಾಲಕ್ಕೆ, ರಶಿಯದ ಎಮ್ಮರ್ ಒಂದನ್ನು ರೊಟ್ಟಿಯ ಗೋಧಿಗೆ ಕೂಡಿಸಿದ. ಹುಟ್ಟಿದ ತಳಿಗೆ ‘ಹೋಪ್’, ಎಂದರೆ ಆಸೆ, ಎಂದು ಹೆಸರಿಟ್ಟ. ಅದರೊಳಗಿನ ರೋಗನಿರೋಧಕ ವಂಶವಾಹಿ ಮೆಕ್ಸಿಕೋದಲ್ಲಿ ಬೋರ್ಲಾಗರ ಗೋಧಿಗಳಿಗೆ ಇಳಿಯಿತು, ಅವುಗಳ ಮೂಲಕ ಭಾರತಕ್ಕೂ ಬಂತು. ಹಸಿರು ಕ್ರಾಂತಿಯ ಗೋಧಿಗಳ ಮೈಯಲ್ಲಿಯೂ ಎಮ್ಮರಿನ ರಕ್ತವಿತ್ತೆಂದಾಯಿತು. ಇತ್ತೀಚಿನ ಮಾತೂ ಇದೆ. 1998ರಲ್ಲಿ ಉಗಾಂಡದಲ್ಲಿ ಕಾಣಿಸಿಕೊಂಡ ಹೊಸ ತುಕ್ಕು ಲೋಕದ ಬಹುಪಾಲು ಗೋಧಿಯನ್ನು ಹಿಡಿಯಬಲ್ಲದೆಂದು ಗಾಬರಿಯಾಯಿತು. ಅದನ್ನು ತಡೆಯಬಲ್ಲ ಕೆಲವೇ ವಂಶವಾಹಿಗಳಲ್ಲಿ ಒಂದು ಖಪಲಿಯಲ್ಲಿದೆ. 2017ರಲ್ಲಿ ಅದನ್ನೂ ಪ್ರತ್ಯೇಕಿಸಿ ಓದಿದರು.

ಈಗ ನಮ್ಮ ಮನೆಯ ಕಥೆ. 1970ರ ದಶಕದಲ್ಲಿ ಮಲಪ್ರಭೆಯ ಕಾಲುವೆಯ ನೀರು ನವಲಗುಂದ ಸೀಮೆಗೆ ಬಂತು. (ಆ ನೀರಿನ ಕರದ ಜಗಳ 1980ರಲ್ಲಿ ಗೋಲಿಬಾರಿನವರೆಗೆ ಹೋದದ್ದು ಬೇರೆಯೇ ಇತಿಹಾಸ.) ಕಾಲುವೆಯ ನೀರು ಹತ್ತುವ ಹೊಲವೊಂದನ್ನು ಅಪ್ಪ ಪಾಲಿಗೆ ಹಿಡಿದಿದ್ದರು. ನಾನಾಗ ಎಂ. ಎಸ್‌ಸಿ. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವನು. ಗಿಡ್ಡ ಗೋಧಿಯ ಮಹಿಮೆ ತಲೆಯಲ್ಲಿ ತುಂಬಿಕೊಂಡಿತ್ತು. ಸದಕ ಎತ್ತರದ ಬೆಳೆ, ಗೊಬ್ಬರ ಹೆಚ್ಚಾದರೆ ನೆಲಕ್ಕೆ ಮಲಗುತ್ತದೆ, ಇಳುವರಿ ಕಡಿಮೆ, ಕುಟ್ಟುವ ಕೆಲಸ ಬೇರೆ. “ಇದನ್ನಿನ್ನ ಸಾಕ ಮಾಡ್ರೆಪಾ” ಎಂದು ಅಪ್ಪನಿಗೆ ಹೇಳಿದವನು ನಾನೇ. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ನೀರು ಹತ್ತುವ ಹೊಲದಲ್ಲಿ ಗಿಡ್ಡ ಗೋಧಿ ಚೆನ್ನಾಗಿ ಬಂತು. ಒಣಭೂಮಿಗೆ ಅಪ್ಪ ಅಣ್ಣಿಗೇರಿಯ ಹೆಸರಿನ ಕಡಲೆ ಹಾಕಿದರು, ಅದೂ ಬಂತು. ಸದಕಕ್ಕೆ ಜಾಗವುಳಿಯಲಿಲ್ಲ. ಆಯಿ ಮಾತ್ರ ಒಂದು ಮಡಕೆ ಬೀಜವನ್ನು ಬೂದಿ ಬೆರೆಸಿ, ಬಾಯಿಗೆ ಸೆಗಣಿ ಮೆತ್ತಿ, ಅಡುಗೆಮನೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದಳು. ಒಂದೆರಡು ವರ್ಷ ಹಿತ್ತಿಲಿನಲ್ಲಿ ಬಿತ್ತಿಸಿ ಬೀಜ ಹೊಸದು ಮಾಡಿಕೊಂಡಳೆಂದು ಕಾಣುತ್ತದೆ, ನಾನು ವಿಚಾರಿಸಲಿಲ್ಲ.

1977ರಲ್ಲಿ ನನ್ನ ತಂಗಿಯ ಮದುವೆ. ಹಿಂದಿನ ದಿನ ಊರಿಗೆ ಹೋದರೆ ಒರಳಿನ ಸುತ್ತ ಒನಕೆಗಳು ಏಳುತ್ತಿದ್ದವು. ಮಡಕೆ ಖಾಲಿಯಾಗಿ ಬೋರಲು ಬಿದ್ದಿತ್ತು.

“ಬೀಜಕ್ಕಂತ ಇಟ್ಟಿದ್ದಿ ಅಲ್ಲs ಆಯಿ?” ಎಂದೆ.

“ಬಿತ್ತಾವ್ರು ಯಾರದಾರ ತಮ್ಮಾ?” ಎಂದಳು. ಕೋಪವಿಲ್ಲ, ನಿಷ್ಠುರವಿಲ್ಲ. ಕೈಯಲ್ಲಿ ಮರ ಹಿಡಿದು ಕೇರುತ್ತಿದ್ದಳು.

ಮರುದಿನ ಹುಗ್ಗಿಯನ್ನು ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಸಸ್ಯಶಾಸ್ತ್ರದ ಎಂ. ಎಸ್‌ಸಿ. ಪದವೀಧರ! ಸ್ಟೇಕ್‌ಮನ್ನರ ಹನ್ನೆರಡು ಗೋಧಿಗಳ ಪಟ್ಟಿಯನ್ನು ಆ ಹೊತ್ತಿಗೆ ನಾನು ಪುಸ್ತಕದಲ್ಲಿ ಓದಿಯೂ ಇದ್ದೆ. ಅದರಲ್ಲಿದ್ದ ಖಪಲಿ ಎಂಬುದು ನನ್ನ ತಾಟಿನಲ್ಲಿರುವುದರ ಬಳಗವೆಂದು ಹೊಳೆದದ್ದು ಹತ್ತು ವರ್ಷದ ಮೇಲೆ, ತರಗತಿಯಲ್ಲಿ ಆ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆಯುವಾಗ. ಆಯಿ ಆಗ ಇದ್ದಿಲ್ಲ. ನಮ್ಮ ಮನೆಯ ಸದಕ ಇನ್ನೊಬ್ಬರ ಸದಕಕ್ಕಿಂತ ಬೇರೆಯಾಗಿತ್ತೋ ಇಲ್ಲವೋ, ಅದರಲ್ಲಿ ಯಾವ ವಂಶವಾಹಿ ಇತ್ತೋ, ಇನ್ನು ಯಾರೂ ಹೇಳುವಂತಿಲ್ಲ. ಪರೀಕ್ಷಿಸಲು ಒಂದು ಕಾಳಾದರೂ ಬೇಕು.

ಜಾತಿಯೇ ಅಳಿಯಿತೆಂದು ಓದುಗರು ತಿಳಿಯಬಾರದು. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡದ ಕಡೆ ಸದಕ ಇಂದಿಗೂ ಉಂಟು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅದನ್ನು ಕೈಬಿಡಲಿಲ್ಲ. ಗಿಡ್ಡತನ ತಂದು, ಮಲಗದಂತೆ ಮಾಡಿ, ಡಿಡಿಕೆ 1001, 1009, 1025, 1029 ಎಂಬ ತಳಿಗಳನ್ನು ಹೊರತಂದರು. ಈಗ ಪೇಟೆಯಲ್ಲಿ ಸಕ್ಕರೆ ರೋಗದವರಿಗೆ ಒಳ್ಳೆಯದೆಂಬ ಚೀಟಿ ಅಂಟಿಸಿ ದುಬಾರಿ ಬೆಲೆಗೆ ಮಾರುತ್ತಾರೆ. ಇದು ನಿಧಾನವಾಗಿ ಜೀರ್ಣವಾಗುವುದೆಂಬ ಮಾತಿಗೆ ಆಧಾರವಿದೆ. ಆದರೆ ಹುಗ್ಗಿಗೆ ಹಾಕುವ ಬೆಲ್ಲದ ಲೆಕ್ಕವನ್ನೂ ಆ ಚೀಟಿಯಲ್ಲಿ ಬರೆದಿದ್ದರೆ ಒಳ್ಳೆಯದಿತ್ತು.

ಕೆಲವು ವರ್ಷಗಳ ಹಿಂದೆ ಧಾರವಾಡದ ಕೃಷಿ ಮೇಳಕ್ಕೆ ಹೋದವನು ಅಂಥದೊಂದು ಬೀಜದ ಚೀಲ ಕೊಂಡು, ಶಲವಡಿಯಲ್ಲಿ ಬೇಸಾಯ ಮಾಡುವ ನನ್ನ ತಮ್ಮನ ಮಗನಿಗೆ ಕೊಟ್ಟೆ. ಹೊಲದ ಒಂದು ಮೂಲೆಯಲ್ಲಿ ನನ್ನ ಸಮಾಧಾನಕ್ಕೆಂದು ನಾಲ್ಕು ಸಾಲು ಬಿತ್ತಿದ. ಮಾಘದಲ್ಲಿ ಹೋಗಿ ನೋಡಿದೆ. ತೆನೆ ಚಿಕ್ಕದು, ಒತ್ತಾಗಿತ್ತು, ಸುಂಕುಗಳೆಲ್ಲ ಒಂದೇ ಕಡೆಗೆ ಬಾಚಿದಂತಿದ್ದವು. ಒಂದನ್ನು ಕಿತ್ತು ಅಂಗೈಯಲ್ಲಿ ಜೋರಾಗಿ ತಿಕ್ಕಿದೆ. ದಿಂಡು ಮುರಿದು ತುಂಡು ತುಂಡಾಯಿತು. ಕಾಳು ಒಂದೂ ಹೊರಗೆ ಬರಲಿಲ್ಲ.

“ಅದು ಹಂಗ ಬರೂದುಲ್ಲ ದೊಡ್ಡಪ್ಪ” ಎಂದ ಹುಡುಗ. “ಈಗ ಅದಕ್ಕ ಮಶಿನ್ ಐತಿ.”

ಮನೆಗೆ ಬಂದು ಒರಳು ಎಲ್ಲಿದೆ ಎಂದು ಕೇಳಿದೆ. ಪಡಸಾಲೆಗೆ ಹೊಸ ಫರಸಿ ಹಾಕಿಸುವಾಗ ಅದನ್ನು ಕೀಳಲು ಬರಲಿಲ್ಲವಂತೆ, ಮಣ್ಣು ತುಂಬಿ ಮೇಲೆಯೇ ಹಾಸಿದ್ದಾರೆ. ಎಲ್ಲಿತ್ತೆಂದು ತೋರಿಸುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.